ಕಾಸರಗೋಡಿನ ಮಳೆಗೆ ಒಂದು ಕಾಲುಕೊಡೆ

ನಮ್ಮ ದಾವಣಗೆರೆಯ ಕಡೆ ಕೊಡೆಯನ್ನು ಛತ್ರಿ ಎನ್ನುತ್ತೇವೆ. ನಂಬಿಸಿ ಕೈಕೊಡುವವನನ್ನು ಬೈಯುವುದಕ್ಕೂ ಅದೇ ಪದವನ್ನು ಬಳಸುತ್ತೇವೆ. ಕಳೆದ ಜುಲೈ ತಿಂಗಳಲ್ಲಿ ಕಚೇರಿಯ ಕೆಲಸದ ಮೇಲೆ ಎರಡೂವರೆ ದಿನಕ್ಕೆಂದು ಕಾಸರಗೋಡಿಗೆ ಹೋದಾಗ, ನನ್ನ ಚೀಲದಲ್ಲಿದ್ದದ್ದು ಎರಡನೆಯ ಅರ್ಥದ ಛತ್ರಿಯೆಂಬುದು ರೈಲಿನಿಂದ ಇಳಿದ ಹತ್ತೇ ನಿಮಿಷಗಳಲ್ಲಿ ತಿಳಿದುಹೋಯಿತು. ಮೂರು ಮಡಿಕೆಯ, ಅಂಗೈ ಅಗಲದ, ಜಾಲತಾಣದಲ್ಲಿ ತರಿಸಿಕೊಂಡ ಆ ಛತ್ರಿಯ ಕಂಪನಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಬಯಲುಸೀಮೆಯ ಮುಂಗಾರಿನಲ್ಲಿ ಎರಡು ವರ್ಷ ಅದು ಮರ್ಯಾದೆಯಿಂದಲೇ ನಡೆದುಕೊಂಡಿತ್ತು ಎಂಬುದನ್ನೂ ಒಪ್ಪಿಕೊಳ್ಳಬೇಕು. ಆದರೆ ನಿಲ್ದಾಣದ ಮುಂದಿನ ಬಯಲಿನಲ್ಲಿ ಕಡಲ ಕಡೆಯಿಂದ ಬಂದ ಒಂದೇ ಬೀಸಿಗೆ ಅದು ಮಗುಚಿಕೊಂಡಿತು, ಎರಡನೆಯ ಮಡಿಕೆಯ ಗುಂಡುಮೊಳೆ ಕಳಚಿತು, ಮೂರು ಕಡ್ಡಿಗಳು ಬಾವಲಿಯ ಮುರಿದ ರೆಕ್ಕೆಯಂತೆ ಜೋತುಬಿದ್ದವು.

ವಿದ್ಯಾನಗರದ ಒಂದು ಕಚೇರಿಯಲ್ಲಿ ಸಿಬ್ಬಂದಿಗೆ ಲೆಕ್ಕಪತ್ರದ ಹೊಸ ತಂತ್ರಾಂಶವನ್ನು ಕಲಿಸುವುದು ನನ್ನ ಕೆಲಸವಾಗಿತ್ತು. ಅದು ಬೆಳಿಗ್ಗೆ ಹತ್ತರಿಂದ ನಾಲ್ಕೂವರೆಯವರೆಗೆ ಮಾತ್ರ. ಅದರ ಹಿಂದುಮುಂದಿನ ಹೊತ್ತೆಲ್ಲ ನನ್ನದು. ಕೆಲಸದ ಮೇಲೆ ಹೋದ ಊರನ್ನು ಕಾಲ್ನಡಿಗೆಯಲ್ಲಿ ನೋಡದೆ ಹಿಂದಿರುಗುವುದು ನನಗೆ ಆಗದ ಮಾತು. ಅದರಲ್ಲೂ ಇದು ಒಂದು ಕಡೆ ಅರಬ್ಬಿ ಕಡಲು, ದಕ್ಷಿಣಕ್ಕೆ ಚಂದ್ರಗಿರಿ ಹೊಳೆ ಇರುವ, ಬೇಕೆಂದ ಕಡೆಗೆಲ್ಲ ನಡೆದೇ ಹೋಗಬಹುದಾದ ಊರು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಅದರ ಬಹುಪಾಲನ್ನು ಜೂನ್‌ನಿಂದ ಸೆಪ್ಟೆಂಬರಿನ ಒಳಗೇ ಸುರಿಸಿಬಿಡುವ ಈ ಕರಾವಳಿಯಲ್ಲಿ ಜುಲೈ ತಿಂಗಳಲ್ಲಿ ನಡೆಯುವುದಾದರೆ, ಕಾಲಿಗೆ ಏನು ಹಾಕಿಕೊಳ್ಳುತ್ತೀರಿ ಎಂಬುದಕ್ಕಿಂತ ತಲೆಯ ಮೇಲೆ ಏನು ಹಿಡಿಯುತ್ತೀರಿ ಎಂಬುದೇ ದೊಡ್ಡದು. ಆ ಸಂಜೆ ಅಲ್ಲಿ ಕೊಂಡು, ಮುಂದಿನ ಎರಡೂವರೆ ದಿನ ಊರಿನುದ್ದಕ್ಕೂ ಹಿಡಿದು ನಡೆದ ಕೊಡೆಯ ಕುರಿತು ಈ ಬರಹ.

ಮುರಿದ ಛತ್ರಿಯನ್ನೇ ತಲೆಗೆ ಒತ್ತಿಕೊಂಡು ಹಳೆಯ ಬಸ್ ನಿಲ್ದಾಣದ ಕಡೆಗೆ ನಡೆದೆ. ಎಂ.ಜಿ. ರಸ್ತೆಯ ಅಂಗಡಿಯೊಂದರ ಸೂರಿನಡಿ ಕೊಡೆಗಳು ಸಾಲಾಗಿ ತೂಗಾಡುತ್ತಿದ್ದವು. ಕೇರಳದಲ್ಲಿ ಕೊಡೆಯ ವ್ಯಾಪಾರವೇ ಒಂದು ಹಂಗಾಮು. ಜೂನ್ ಮೊದಲಿಗೆ ಶಾಲೆಗಳು ತೆರೆಯುತ್ತವೆ, ಅದೇ ಹೊತ್ತಿಗೆ ಮುಂಗಾರೂ ಬರುತ್ತದೆ. ಆದ್ದರಿಂದ ಮೇ ತಿಂಗಳಿನಲ್ಲಿ ದೂರದರ್ಶನ ಹಚ್ಚಿದರೆ ಮಕ್ಕಳ ಬಣ್ಣದ ಕೊಡೆಗಳ ಜಾಹೀರಾತಿನ ಹಾಡುಗಳೇ. ಆಲಪ್ಪುಳ ಪಟ್ಟಣ ಈ ಉದ್ಯಮಕ್ಕೆ ಇಡೀ ರಾಜ್ಯದಲ್ಲಿ ಹೆಸರಾದದ್ದು. ನಾನು ಹೋದಾಗ ಆ ಗದ್ದಲವೆಲ್ಲ ಮುಗಿದಿತ್ತು. ಅಂಗಡಿಯವರು ನನ್ನ ಕನ್ನಡಕ, ಹೆಗಲಚೀಲಗಳನ್ನು ನೋಡಿ ಶಾಲೆಯ ಅಧ್ಯಾಪಕನೆಂದು ತಿಳಿದರೆಂದು ಕಾಣುತ್ತದೆ, ನನ್ನ ಮಾತಿನ ಮೊದಲ ಪದಕ್ಕೇ ಮಲಯಾಳದಿಂದ ಕನ್ನಡಕ್ಕೆ ಹೊರಳಿ, "ಮಾಷ್ಟ್ರೆ, ನಡೆಯಲಿಕ್ಕಾ, ಬಸ್ಸಿಗಾ, ಚೀಲದಲ್ಲಿ ಇಡ್ಲಿಕ್ಕಾ?" ಎಂದು ಕೇಳಿದರು. ಕೊಡೆ ಕೊಳ್ಳುವವನನ್ನು ಕೇಳಬೇಕಾದ ಪ್ರಶ್ನೆ ಇದೊಂದೇ ಎಂದು ಈಗ ಅನ್ನಿಸುತ್ತದೆ. ನಡೆಯಲಿಕ್ಕೆ ಎಂದೆ. "ಹಾಗಾದ್ರೆ ಕಾಲನ್ ಕುಡವೇ ಆಗ್ಬೇಕು. ಬೇರೆ ಎಂತದೂ ಬೇಡ" ಎಂದು ಒಳಗಿನಿಂದ ಉದ್ದನೆಯ ಕಪ್ಪು ಕೊಡೆಯೊಂದನ್ನು ತಂದು ನನ್ನ ಕೈಗೆ ಕೊಟ್ಟರು. ಮಲಯಾಳದ ಕಾಲನ್ ಕುಡ ಎಂದರೆ ನಮ್ಮ ಭಾಷೆಯ ಕಾಲುಕೊಡೆ, ಮಡಿಕೆಗಳಿಲ್ಲದ ಒಂದೇ ಕೋಲಿನ ಕೊಡೆ. ಬೆಲೆ 520 ರೂಪಾಯಿ. ಚೌಕಾಸಿಗೆ ಇಳಿಯಲಿಲ್ಲ, ತಲೆಯಿಂದ ನೀರು ಸುರಿಸುತ್ತ ಅಂಗಡಿಯೊಳಗೆ ನಿಂತವನಿಗೆ ಚೌಕಾಸಿಯ ಹಕ್ಕಿರುವುದಿಲ್ಲ.

ಕೊಡೆಯ ಕಟ್ಟುವಿಕೆಯನ್ನು ಮೊದಲು ಹೇಳುತ್ತೇನೆ. ನಡುವಿನ ಕೋಲು ಉಕ್ಕಿನದು, ಹಿಡಿ ಬಾಗಿದ ಪ್ಲಾಸ್ಟಿಕ್ಕಿನದು, ಕಡ್ಡಿಗಳು ಎಂಟು. ಬಟ್ಟೆಗೆ ತಾಗಿಕೊಂಡ ಉದ್ದದ ಕಡ್ಡಿಗಳು ಫೈಬರ್ ಗ್ಲಾಸಿನವು, ಅವಕ್ಕೆ ಒಳಗಿನಿಂದ ಆಸರೆ ಕೊಡುವ ಗಿಡ್ಡ ಕಡ್ಡಿಗಳು ಉಕ್ಕಿನವು. ಊರಿಗೆ ಬಂದ ಮೇಲೆ ಅಳೆದು ನೋಡಿದಾಗ ಕಡ್ಡಿಯ ಉದ್ದ 25 ಇಂಚು ಇತ್ತು, ಅಡುಗೆಮನೆಯ ತಕ್ಕಡಿಯಲ್ಲಿ ತೂಕ ಅರ್ಧ ಕಿಲೋಗಿಂತ ತುಸು ಹೆಚ್ಚು ಬಂತು. ಹಿಡಿಯ ಮೇಲಿನ ಗುಂಡಿಯೊತ್ತಿದರೆ ತಾನೇ ಅರಳುತ್ತದೆ, ಮಡಚುವುದನ್ನು ಮಾತ್ರ ಕೈಯಲ್ಲೇ ಮಾಡಬೇಕು. ಇದರಲ್ಲಿ ಮುಖ್ಯವಾದದ್ದು ಫೈಬರ್ ಕಡ್ಡಿ. ಉಕ್ಕಿನ ಕಡ್ಡಿ ಒಂದು ಮಿತಿಯಾಚೆ ಬಾಗಿದರೆ ಬಾಗಿದಂತೆಯೇ ಉಳಿದುಬಿಡುತ್ತದೆ. ಫೈಬರಿನದು ಬಿಲ್ಲಿನಂತೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಇನ್ನೊಂದು, ಮಡಿಕೆಯ ಕೊಡೆಯಲ್ಲಿ ಪ್ರತಿ ಕಡ್ಡಿಗೂ ಎರಡು ಮೂರು ಕೀಲುಗಳಿರುತ್ತವೆ, ಗಾಳಿ ಬಂದಾಗ ಮೊದಲು ಸೋಲುವುದು ಆ ಕೀಲುಗಳೇ. ಕಾಲುಕೊಡೆಯ ಉದ್ದದ ಕಡ್ಡಿಗೆ ನಡುವೆ ಕೀಲಿಲ್ಲ. ನನ್ನ ಹಳೆಯ ಛತ್ರಿ ಸತ್ತದ್ದು ಏಕೆಂದು ಅಂಗಡಿಯವರು ಎರಡನ್ನೂ ಪಕ್ಕದಲ್ಲಿಟ್ಟು ತೋರಿಸಿದಾಗ ತಿಳಿಯಿತು.

ಕೊಡೆ ಕೈಗೆ ಬಂದ ಮೇಲೂ ಅವರು ನನ್ನನ್ನು ಬಿಡಲಿಲ್ಲ. "ಹೊರಗೆ ಜಗಲಿಯಲ್ಲಿ ಕೂತಿದ್ದಾರಲ್ಲ, ಅವರ ಕೈಯಲ್ಲಿ ಹೊಲಿಗೆ ಹಾಕಿಸಿಕೊಂಡೇ ಹೋಗಿ" ಎಂದರು. ಜಗಲಿಯಲ್ಲಿ ಗೋಣಿಚೀಲ ಹಾಸಿ ಕುಳಿತಿದ್ದ ಹಿರಿಯರು ಮಳೆಗಾಲದಲ್ಲಿ ಕೊಡೆಗಳನ್ನೂ ಉಳಿದ ತಿಂಗಳುಗಳಲ್ಲಿ ಚೀಲ, ಚಪ್ಪಲಿಗಳನ್ನೂ ದುರಸ್ತಿ ಮಾಡುವವರು. ಎದುರಿಗೆ ಒಂದು ಇಕ್ಕಳ, ಎರಡು ದಪ್ಪ ಸೂಜಿ, ಮೇಣ ಹಚ್ಚಿದ ದಾರದ ಉಂಡೆ, ತೆಳು ತಂತಿ, ಸತ್ತ ಕೊಡೆಗಳಿಂದ ಕಿತ್ತ ಕಡ್ಡಿಗಳ ಒಂದು ಕಟ್ಟು. ಅವರು ನನ್ನ ಹಳೆಯ ಛತ್ರಿಯನ್ನು ಮೊದಲು ಎತ್ತಿಕೊಂಡು, ವೈದ್ಯರು ನಾಡಿ ಹಿಡಿಯುವಂತೆ ಕೀಲಿನ ಮೇಲೆ ಬೆರಳಿಟ್ಟು, "ಈ ಕಡ್ಡಿ ಹಾಕಿ ಕೊಡಬಹುದು ಅಣ್ಣ, ಆದ್ರೆ ಆಚೆಯದ್ದು ನಾಳೆ ಹೋಗ್ತದೆ. ಬಟ್ಟೆ ಮಾತ್ರ ಒಳ್ಳೆಯದುಂಟು, ನನಗಿರಲಿ" ಎಂದು ಪಕ್ಕಕ್ಕಿಟ್ಟರು. ಬಳಿಕ ಹೊಸ ಕೊಡೆಯನ್ನು ಬಿಚ್ಚಿ ತೊಡೆಯ ಮೇಲೆ ಕವುಚಿಕೊಂಡರು. ಕಾರ್ಖಾನೆಯಿಂದ ಬರುವಾಗ ಬಟ್ಟೆಯನ್ನು ಪ್ರತಿ ಕಡ್ಡಿಗೂ ನಡುವೆ ಒಂದು ಕಡೆ ಮಾತ್ರ ದಾರದಿಂದ ಕಟ್ಟಿರುತ್ತಾರೆ. ಗಾಳಿಗೆ ಆ ಒಂದು ದಾರ ಹರಿದರೆ ಬಟ್ಟೆ ಕಡ್ಡಿಯಿಂದ ಬಿಟ್ಟುಕೊಂಡು ಹಾಯಿಯಂತೆ ಉಬ್ಬುತ್ತದೆ. ಅವರು ಎಂಟು ಕಡ್ಡಿಗಳಿಗೂ ಇನ್ನೆರಡೆರಡು ಕಡೆ ದಾರ ಸುತ್ತಿ ಗಂಟು ಹಾಕಿದರು, ಅಂಚಿನ ತುದಿಗಳ ಟೊಪ್ಪಿಗೆಗಳನ್ನು ಒಂದೊಂದಾಗಿ ಎಳೆದು ನೋಡಿ ಸಡಿಲವಿದ್ದ ಎರಡನ್ನು ಬಿಗಿಮಾಡಿದರು. ಕಾಲು ಗಂಟೆಯ ಕೆಲಸ, 40 ರೂಪಾಯಿ. ಈ ಕೊಡೆಯ ಬೆಲೆಯನ್ನು 560 ಎಂದೇ ಲೆಕ್ಕಹಾಕಬೇಕು. ಆ ಗಂಟುಗಳಿಲ್ಲದೆ ಈ ಬರಹದ ಉಳಿದ ಭಾಗ ಬಹುಶಃ ಬೇರೆಯೇ ಆಗಿರುತ್ತಿತ್ತು.

"ಹೆಸರು ಬರೆಯಬೇಕಲ್ಲ?" ಎಂದು ಕೇಳಿ ಅವರು ಬಿಳಿ ಬಣ್ಣದ ಸಣ್ಣ ಡಬ್ಬಿ ತೆರೆದರು. ಕರಾವಳಿಯಲ್ಲಿ ಎಲ್ಲರ ಕೊಡೆಯೂ ಕಪ್ಪು, ಎಲ್ಲ ಕೊಡೆಗಳೂ ಹೊರಗಿನ ಜಗಲಿಯಲ್ಲಿ ಒಟ್ಟಿಗೇ ಇರುತ್ತವೆ, ಆದ್ದರಿಂದ ಹೆಸರಿಲ್ಲದ ಕೊಡೆ ಊರೊಟ್ಟಿನದು. "ಕನ್ನಡದಲ್ಲಾ, ಮಲಯಾಳದಲ್ಲಾ?" ಎಂಬುದು ಮುಂದಿನ ಪ್ರಶ್ನೆ. ಇದನ್ನು ಅವರು ಕೇಳಿದ ರೀತಿಯಲ್ಲಿ ವಿಶೇಷವೇನೂ ಇರಲಿಲ್ಲ, ಸಕ್ಕರೆ ಬೇಕೇ ಬೇಡವೇ ಎಂದು ಕೇಳಿದ ಹಾಗಿತ್ತು. ಕನ್ನಡ, ಮಲಯಾಳ, ತುಳು, ಕೊಂಕಣಿ, ಮರಾಠಿ, ಉರ್ದು, ಬ್ಯಾರಿ ಎಂದು ಏಳು ಭಾಷೆಗಳನ್ನು ಎಣಿಸುವ ಊರಿನಲ್ಲಿ ಅದು ದಿನಬಳಕೆಯ ಪ್ರಶ್ನೆಯೇ. ತಾನು ಐದನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವನೆಂದು ಹೇಳಿ, ನನ್ನ ಹೆಸರು ಉದ್ದವಾಯಿತೆಂದು ಊರಿನ ಹೆಸರನ್ನಷ್ಟೇ ಅಂಚಿನ ಉದ್ದಕ್ಕೆ ದುಂಡಗೆ ಬರೆದರು. ಆ ತೇವದಲ್ಲಿ ಬಣ್ಣ ಒಣಗುವುದಿಲ್ಲವಾದ್ದರಿಂದ ಪಕ್ಕದ ಚಹಾದ ಅಂಗಡಿಯ ಒಲೆಯ ಬಳಿ ಕೊಡೆಯನ್ನು ಹಿಡಿದು ನಿಲ್ಲಬೇಕಾಯಿತು. ನನಗೊಂದು ಕಟ್ಟನ್ ಚಾಯ, ಎಂದರೆ ಹಾಲಿಲ್ಲದ ಚಹಾ ಆಯಿತು, ಕೊಡೆಗೆ ಒಂದಿಷ್ಟು ಶಾಖ.

ಮೊದಲ ಸಂಜೆಯ ನಡಿಗೆ ಪೇಟೆಯೊಳಗಿನದು. ಹಳೆಯ ಬಸ್ ನಿಲ್ದಾಣದ ಸುತ್ತಿನ ರಸ್ತೆಗಳಲ್ಲಿ, ಮಲ್ಲಿಕಾರ್ಜುನ ದೇವಸ್ಥಾನದ ಕಡೆಗೆ, ಅಲ್ಲಿಂದ ತಾಯಲಂಗಡಿಯ ಗಡಿಯಾರ ಗೋಪುರದವರೆಗೆ ಒಂದೂವರೆ ಗಂಟೆ ಸುತ್ತಿದೆ. ಮಳೆ ನೇರವಾಗಿ, ದಪ್ಪ ಹನಿಗಳಲ್ಲಿ ಸುರಿಯುತ್ತಿತ್ತು. ಅಗ್ಗದ ಕೊಡೆಗಳಲ್ಲಿ ಇಂಥ ಮಳೆಗೆ ಒಳಗಡೆಯೂ ಒಂದು ಸಣ್ಣ ತುಂತುರು ಇರುತ್ತದೆ. ಬಟ್ಟೆ ಸೋರುವುದಿಲ್ಲ, ಆದರೆ ಹನಿಯ ಹೊಡೆತಕ್ಕೆ ಬಟ್ಟೆಯ ಒಳಮೈಯ ತೇವ ಸಿಡಿದು ಕನ್ನಡಕದ ಮೇಲೆ ಕೂರುತ್ತದೆ. ಇದರಲ್ಲಿ ಆ ತುಂತುರು ಮೊದಲ ಅರ್ಧ ಗಂಟೆ ಇರಲೇ ಇಲ್ಲ, ಆಮೇಲೆ ಬಂತು, ಆದರೂ ಕನ್ನಡಕ ಒರೆಸಿಕೊಂಡದ್ದು ಎರಡೇ ಸಲ. ಹೆಗಲು ಒದ್ದೆಯಾಗಲಿಲ್ಲ, ಬೆನ್ನಿನ ಚೀಲದ ಹೊರ ಅಂಚು ಒದ್ದೆಯಾಯಿತು, ಮೊಣಕಾಲಿನಿಂದ ಕೆಳಗೆ ಲೆಕ್ಕಕ್ಕಿಲ್ಲ. ಪೇಟೆಯಲ್ಲಿ ಈ ಕೊಡೆಯ ತೊಂದರೆ ಅದರ ಅಗಲ. ಕಾಲುದಾರಿ ಕಿರಿದು, ಅಂಗಡಿಗಳ ತಗಡಿನ ಚಾಚುಗಳು ತಗ್ಗು, ಎದುರಿನಿಂದ ಬರುವವರ ಕೈಯಲ್ಲೂ ಕೊಡೆ. ಎತ್ತರದವನು ಕೊಡೆಯನ್ನು ಎತ್ತಬೇಕು, ಗಿಡ್ಡನೆಯವನು ಓರೆಮಾಡಬೇಕು ಎಂಬುದು ಅಲ್ಲಿನವರಿಗೆ ಹುಟ್ಟಿನಿಂದ ಬಂದ ಶಿಷ್ಟಾಚಾರ. ನಾನು ಮೂವರ ಕೊಡೆಗೆ ಡಿಕ್ಕಿ ಹೊಡೆದು, ನಾಲ್ಕನೆಯವರಾದ ಒಬ್ಬ ಅಮ್ಮನಿಂದ "ಮೇಲೆ ಎತ್ತಿ ಮಾರಾಯ್ರೆ" ಎಂದು ಹೇಳಿಸಿಕೊಂಡ ಮೇಲೆ ಕಲಿತೆ.

ನಿಜವಾದ ಪರೀಕ್ಷೆ ಮರುದಿನ ಬೆಳಿಗ್ಗೆ ಆರಕ್ಕೆ ನಡೆಯಿತು. ಪೇಟೆಯಿಂದ ಪಶ್ಚಿಮಕ್ಕೆ, ರೈಲು ಹಳಿ ದಾಟಿ, ನೆಲ್ಲಿಕುಂಜೆಯ ತೆಂಗಿನ ತೋಟಗಳ ನಡುವಿನ ದಾರಿಯಲ್ಲಿ ಹೋದರೆ ಕಡಲಿಗೆ ಅರ್ಧ ಗಂಟೆಯ ನಡಿಗೆ. ಮರಗಳ ಮರೆಯಿರುವವರೆಗೆ ಗಾಳಿಯ ಅಂದಾಜು ಸಿಗುವುದಿಲ್ಲ, ಸದ್ದು ಮಾತ್ರ ಕೇಳುತ್ತಿರುತ್ತದೆ. ಕೊನೆಯ ಮನೆ ಕಳೆದು ಮರಳಿಗೆ ಕಾಲಿಟ್ಟ ಕ್ಷಣ, ಕೊಡೆಯನ್ನು ಯಾರೋ ಕೈಯಿಂದ ಕಿತ್ತುಕೊಳ್ಳಲು ನೋಡಿದ ಹಾಗಾಯಿತು. ಮಳೆಗಾಲದ ಗಾಳಿ ಅಲ್ಲಿ ನೈಋತ್ಯದಿಂದ, ಎಂದರೆ ಕಡಲಿಗೆ ಮುಖಮಾಡಿ ನಿಂತವನ ಎಡಗೆನ್ನೆಯ ಕಡೆಯಿಂದ ಬರುತ್ತದೆ. ಕೊಡೆಯನ್ನು ಆ ಕಡೆಗೆ ಓರೆಯಾಗಿ ತಗ್ಗಿಸಿ, ಬಲಗೈಯಲ್ಲಿ ಹಿಡಿ, ಎಡಗೈಯಲ್ಲಿ ಕೋಲಿನ ನಡುಭಾಗ ಹಿಡಿದುಕೊಂಡರೆ ಅದು ನಿಂತಿತು. ಇದರ ಬಟ್ಟೆ ಚಪ್ಪಟೆಯಾಗಿಲ್ಲ, ಮಡಕೆಯ ತಳದ ಹಾಗೆ ಆಳವಾಗಿ ಬಾಗಿದೆ. ಗಾಳಿ ಅದರ ಹೊರಮೈಯನ್ನು ಸವರಿಕೊಂಡು ಜಾರಿಹೋಗುತ್ತದೆಯೇ ಹೊರತು ಅಂಚಿನಡಿ ಸುಲಭವಾಗಿ ನುಗ್ಗುವುದಿಲ್ಲ. ನಿಂತು ನೋಡಲು ಕಡಲೂ ತಕ್ಕದ್ದೇ ಆಗಿತ್ತು: ಕೆಂಪುಮಣ್ಣು ಬೆರೆತ ಕಂದು ನೀರು, ಕಡಲ್ಕೊರೆತ ತಡೆಯಲು ಸುರಿದ ಕಲ್ಲುಗಳ ಮೇಲೆ ಒಡೆಯುವ ಅಲೆ, ದಡಕ್ಕೆ ಎಳೆದು ತಾಡಪಾಲು ಹೊದಿಸಿದ ದೋಣಿಗಳು. ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಕೇರಳದಲ್ಲಿ ಯಂತ್ರದೋಣಿಗಳ ಟ್ರಾಲಿಂಗಿಗೆ, ಎಂದರೆ ದೋಣಿಯ ಹಿಂದೆ ಬಲೆ ಎಳೆದುಕೊಂಡು ಹೋಗಿ ಮೀನು ಹಿಡಿಯುವುದಕ್ಕೆ, ನಿಷೇಧವಿರುವುದರಿಂದ ತೀರದಲ್ಲಿ ಮನುಷ್ಯರು ಕಡಿಮೆ. ಇದ್ದ ಒಬ್ಬರು ಬಲೆಯ ಹರಕು ಹೊಲಿಯುತ್ತಿದ್ದರು. ಅವರ ಬಳಿ ಕೊಡೆ ಇರಲಿಲ್ಲ, ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದರು. ತೀರದಲ್ಲಿ ಕೆಲಸ ಮಾಡುವವನಿಗೆ ಎರಡು ಕೈಗಳೂ ಬೇಕು. ಕೊಡೆ ನಮ್ಮಂಥ ಸುಮ್ಮನೆ ನಡೆಯುವವರ ಉಪಕರಣ.

ಕಚೇರಿಯ ದಿನಗಳಲ್ಲಿ ಇದರ ದೋಷಗಳು ಹೊರಬಿದ್ದವು. ವಿದ್ಯಾನಗರಕ್ಕೆ ಬಸ್ಸಿನಲ್ಲಿ ಹೋಗಬೇಕು. ಅಲ್ಲಿನ ಎಷ್ಟೋ ಬಸ್ಸುಗಳ ಕಿಟಕಿಗಳಿಗೆ ಗಾಜಿಲ್ಲ, ಮಳೆ ಬಂದರೆ ಕೆಳಗೆ ಎಳೆಯುವ ದಪ್ಪ ಪರದೆಗಳು. ಪರದೆ ಎಳೆದು ಕತ್ತಲಾದ ಬಸ್ಸಿನಲ್ಲಿ, ನೀರು ಸುರಿಸುವ ಮೂರಡಿ ಉದ್ದದ ವಸ್ತುವೊಂದನ್ನು ಹಿಡಿದು ನಿಲ್ಲುವುದು ಯಾರಿಗೂ ಪ್ರಿಯವಾಗುವ ಕೆಲಸವಲ್ಲ. ಕಾಲಿನ ನಡುವೆ ನಿಲ್ಲಿಸಿದರೆ ಚಪ್ಪಲಿಯೊಳಗೆ ನೀರು, ಕಂಬಿಗೆ ತೂಗಿಸಿದರೆ ಕುಳಿತವರ ಹೆಗಲಿಗೆ. ಹೊಸ ಬಸ್ ನಿಲ್ದಾಣದ ಹತ್ತಿರ, ರಾಷ್ಟ್ರೀಯ ಹೆದ್ದಾರಿ 66ರ ಹೊಸ ಮೇಲ್ಸೇತುವೆ ಒಂಟಿ ಕಂಬಗಳ ಮೇಲೆ ಸಾಗಿಹೋಗುತ್ತದೆ. ಅದರ ಪಕ್ಕದ ಸೇವಾರಸ್ತೆಯಲ್ಲಿ ನಡೆಯುವಾಗ ಮಾತ್ರ ಉದ್ದ ಕೊಡೆಗೆ ಒಂದು ಅನಿರೀಕ್ಷಿತ ಉಪಯೋಗ ಕಂಡಿತು. ಗುಂಡಿಯಲ್ಲಿ ನಿಂತ ನೀರನ್ನು ಲಾರಿ ಎರಚುವ ಮುನ್ನ ಕೊಡೆಯನ್ನು ತಲೆಯಿಂದ ಇಳಿಸಿ ಪಕ್ಕಕ್ಕೆ ಗುರಾಣಿಯಂತೆ ಹಿಡಿಯಬೇಕು. ತಲೆ ನೆನೆಯುತ್ತದೆ, ಆದರೆ ತಲೆಗೆ ಬೀಳುವುದು ಮಳೆನೀರು; ರಸ್ತೆಯ ನೀರು ಬೇರೆಯೇ ಜಾತಿಯದು. ಇನ್ನೊಂದು ದೋಷಕ್ಕೆ ಕ್ಷಮೆಯಿಲ್ಲ. ಮೊದಲ ದಿನ ಮಡಚಿ ತೋಳಿಗೆ ತೂಗುಹಾಕಿಕೊಂಡಿದ್ದಾಗ ಕಪ್ಪು ಬಣ್ಣ ಬಿಟ್ಟು ನನ್ನ ತಿಳಿಯ ಅಂಗಿಯ ತೋಳಿಗೆ ಹತ್ತಿತು. ತರಬೇತಿಯ ಮೊದಲ ಗಂಟೆಯನ್ನು ಎಡಗೈಯನ್ನು ಬೆನ್ನ ಹಿಂದೆ ಮಡಚಿಟ್ಟುಕೊಂಡೇ ನಡೆಸಿದೆ. ಬದಿಯಡ್ಕದ ಕಡೆಯಿಂದ ಬರುವ ಒಬ್ಬ ಸಹೋದ್ಯೋಗಿ ಅದನ್ನು ಕಂಡುಕೊಂಡು, ಹೊಸ ಕೊಡೆಯನ್ನು ಒಂದು ರಾತ್ರಿ ಬಕೆಟ್ಟಿನ ಉಪ್ಪುನೀರಿನಲ್ಲಿ ನೆನೆಸಿಯೇ ಹೊರಗೆ ತೆಗೆಯುವುದು ತಮ್ಮ ಮನೆಯ ಕ್ರಮವೆಂದರು. ಅಂಗಡಿಯವರು ಇಷ್ಟೆಲ್ಲ ಹೇಳಿದವರು ಇದನ್ನೇಕೆ ಹೇಳಲಿಲ್ಲವೋ.

ಅದೇ ಸಹೋದ್ಯೋಗಿಯ ಬಾಯಲ್ಲಿ ಕೊಡೆಯ ಹಿಂದಿನ ಚರಿತ್ರೆಯೂ ಒಂದಿಷ್ಟು ಬಂತು. ಅವರ ಅಜ್ಜನ ಕಾಲದಲ್ಲಿ ಗದ್ದೆಗೆ ಇಳಿಯುವವರ ಬೆನ್ನಿಗೆ ಎಲೆಯಿಂದ ಹೆಣೆದ ಗೊರಬೆ, ತೋಟಕ್ಕೆ ಹೋಗುವವರ ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ದೊಡ್ಡವರಿಗೆ ಮಾತ್ರ ಓಲೆಯ ಕೊಡೆ. ಈಗಲೂ ಮಳೆಗಾಲದ ನಡುವೆ ಬರುವ ತುಳುವರ ಆಟಿ ತಿಂಗಳಲ್ಲಿ ಊರಿನ ಮಾರಿ ಕಳೆಯಲೆಂದು ಮನೆಮನೆಗೆ ಬರುವ ಆಟಿ ಕಳೆಂಜ ಕೈಯಲ್ಲಿ ಹಿಡಿದು ತಿರುಗಿಸುವುದು ಅಂಥ ಓಲೆಕೊಡೆಯನ್ನೇ. ಮಳೆಗಾಲದ ಕಷ್ಟವನ್ನು ಹೊತ್ತೊಯ್ಯಲು ಬರುವವನ ಕೈಯಲ್ಲಿ ಬೇರೇನು ಇರಲು ಸಾಧ್ಯ ಎಂದು ಅವರು ನಕ್ಕರು.

ಎರಡನೆಯ ದಿನದ ಸಂಜೆ ತಳಂಗರೆಗೆ ಹೋದೆ. ರೈಲು ನಿಲ್ದಾಣದಿಂದ ದಕ್ಷಿಣಕ್ಕೆ, ಹೊಳೆಯ ಅಳಿವೆಯ ಕಡೆಗೆ ಇಳಿಯುವ ಈ ದಾರಿ ನಡೆಯುವವನಿಗೆ ಪೇಟೆಯ ಎಲ್ಲ ದಾರಿಗಳಿಗಿಂತ ಹಿತವಾದದ್ದು; ವಾಹನ ಕಡಿಮೆ, ಕೆಂಪುಕಲ್ಲಿನ ಪಾಗಾರಗಳ ಮೇಲೆ ಹಸಿರು ಪಾಚಿ, ಮನೆಗಳ ಮುಂದೆ ಮಳೆಗೆ ತಲೆ ಬಾಗಿಸಿದ ಬಾಳೆ. ಇಲ್ಲಿನ ಮಾಲಿಕ್ ದೀನಾರ್ ಮಸೀದಿ ಪಶ್ಚಿಮ ಕರಾವಳಿಯ ಬಹು ಹಳೆಯ ಮಸೀದಿಗಳಲ್ಲೊಂದೆಂದು ಜನ ನಂಬುವಂಥದ್ದು, ಅರಬ್ ನಾಡಿನಿಂದ ಬಂದ ಮಾಲಿಕ್ ದೀನಾರರ ಹೆಸರಿಗೆ ಅಂಟಿಕೊಂಡದ್ದು. ಬಿಳಿ ಬಟ್ಟೆಯ ಮೇಲೆ ಕೈಯಿಂದಲೇ ಸೂಜಿಕೆಲಸ ಮಾಡಿದ ತಳಂಗರೆ ಟೊಪ್ಪಿ ಈ ಊರಿನ ಇನ್ನೊಂದು ಹೆಸರಾಂತ ವಸ್ತು. ಹೊಲಿಯುವ ಕೈಗಳು ಈಗ ಕಡಿಮೆಯಾಗಿವೆ. ಸೂರ್ಯ ಮುಳುಗಿದ ಮೇಲಿನ ಮಗ್ರಿಬ್ ನಮಾಜಿನ ಹೊತ್ತಿಗೆ ನಾನು ರಸ್ತೆಯ ಈಚೆ ನಿಂತು ನೋಡುತ್ತಿದ್ದೆ. ಬಂದವರೆಲ್ಲ ಕೊಡೆಗಳನ್ನು ಮಡಚಿ, ಕೊಡವಿ, ಮೊನೆ ಕೆಳಗಾಗಿ ಗೋಡೆಗೆ ಒರಗಿಸುತ್ತ ಹೋದರು. ಹತ್ತು ನಿಮಿಷದಲ್ಲಿ ಮೂವತ್ತು ನಲವತ್ತು ಕೊಡೆಗಳ ಸಾಲು, ಒಂದರಂತೆ ಇನ್ನೊಂದು. ಹಿಂದಿರುಗುವಾಗ ಒಬ್ಬರೂ ಹುಡುಕಲಿಲ್ಲ, ಒಬ್ಬರೂ ಬದಲಾಯಿಸಿಕೊಳ್ಳಲಿಲ್ಲ. ಕೆಲವರ ಕೊಡೆಯ ಅಂಚಿನಲ್ಲಿ ಬಿಳಿ ಅಕ್ಷರ, ಕೆಲವರ ಹಿಡಿಗೆ ಬಣ್ಣದ ದಾರ, ಉಳಿದವರಿಗೆ ಏನು ಗುರುತೋ ಅವರಿಗೇ ಗೊತ್ತು.

ಮೂರನೆಯ ದಿನ ಮಧ್ಯಾಹ್ನದ ರೈಲಿಗೆ ಮುಂಚೆ ಚಂದ್ರಗಿರಿ ಕೋಟೆಗೆ ಹೋಗಿಬರಲು ಬೆಳಿಗ್ಗೆ ಆರೂವರೆಗೇ ಹೊರಟೆ. ಪೇಟೆಯಿಂದ ಸುಮಾರು ನಾಲ್ಕು ಕಿಲೋಮೀಟರು, ಕಾಞಂಗಾಡಿನ ಕಡೆಗೆ ಹೋಗುವ ರಾಜ್ಯ ಹೆದ್ದಾರಿಯಲ್ಲಿ ಹೊಳೆ ದಾಟಬೇಕು. ಕೊಡಗಿನ ಬೆಟ್ಟಗಳಿಂದ ಇಳಿದುಬರುವ ಪಯಸ್ವಿನಿಯ ನೀರು ಇಲ್ಲಿ ಚಂದ್ರಗಿರಿಯೆಂಬ ಹೆಸರಿನಲ್ಲಿ ಕಡಲಿಗೆ ಸೇರುತ್ತದೆ. ತುಳುನಾಡಿನ ದಕ್ಷಿಣದ ಎಲ್ಲೆಯೆಂದು ಹಳಬರು ಗುರುತಿಸುವ ಹೊಳೆ ಇದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಈ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಬರಬೇಕೆಂದು, ರಾಜ್ಯಗಳ ಗಡಿ ವಿವಾದಕ್ಕೆಂದು ನೇಮಕವಾದ ಮಹಾಜನ ಆಯೋಗ 1967ರ ವರದಿಯಲ್ಲಿ ಶಿಫಾರಸು ಮಾಡಿತ್ತು. ಅದು ಜಾರಿಯಾಗಲಿಲ್ಲ, 1984ರ ಮೇ 24ರಂದು ಕಾಸರಗೋಡು ಕೇರಳದ ಒಂದು ಜಿಲ್ಲೆಯಾಯಿತು. ಅಷ್ಟು ವರ್ಷ ಕಾಗದದ ಮೇಲೆ ಎಳೆದಾಡಿದ ಗೆರೆ ಕಾಲಡಿಯಲ್ಲಿ ಕೆಂಪಗೆ ಹರಿಯುತ್ತಿರುವುದನ್ನು ನೋಡಲೆಂದು ಸೇತುವೆಯ ನಡುವೆ ನಿಂತೆ. ಅಲ್ಲಿ, ಮರಗಿಡಗಳ ಆಸರೆಯಿಲ್ಲದ ಬಯಲಿನಲ್ಲಿ, ಹೊಳೆಯ ಬಾಯಿಯಿಂದ ಒಳಕ್ಕೆ ನುಗ್ಗಿದ ಗಾಳಿಗೆ ಕೊಡೆ ಮೊದಲ ಬಾರಿಗೆ ಮಗುಚಿತು.

ಇಲ್ಲಿ ಏನಾಯಿತೆಂದು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕೊಡೆಯ ಯೋಗ್ಯತೆ ತಿಳಿಯುವುದು ಅದು ಮಗುಚಿದ ಮೇಲೆಯೇ. ಎಂಟು ಕಡ್ಡಿಗಳೂ ಒಟ್ಟಿಗೆ ಹಿಂದಕ್ಕೆ ಬಾಗಿ, ಕೊಡೆ ಆಕಾಶಕ್ಕೆ ಬಾಯ್ದೆರೆದ ಬಟ್ಟಲಾಯಿತು, ಎರಡು ಕ್ಷಣದಲ್ಲಿ ಅದರೊಳಗೆ ಮಳೆನೀರೂ ನಿಂತಿತು. ಅದನ್ನು ಕೈಯಿಂದ ಎಳೆದು ಸರಿಮಾಡಲು ಹೋಗಬಾರದೆಂದು ಅಂಗಡಿಯವರು ಹೇಳಿದ್ದು ಪುಣ್ಯಕ್ಕೆ ನೆನಪಿತ್ತು. ಗಾಳಿಗೆ ಬೆನ್ನು ಹಾಕಿ, ಕೋಲಿನ ಮೇಲೆ ಏರಿಳಿಯುವ ಕೊಳವೆಯನ್ನು ಎಂದಿನಂತೆ ಕೆಳಗೆ ಎಳೆದು ಮಡಚಿದೆ. ಕಡ್ಡಿಗಳು ಒಂದೊಂದಾಗಿ ಟಕ್ ಟಕ್ ಎಂದು ತಮ್ಮ ಜಾಗಕ್ಕೆ ಬಂದವು. ಗುಂಡಿ ಒತ್ತಿದಾಗ ಮತ್ತೆ ಮೊದಲಿನಂತೆ ಅರಳಿತು. ಆಸರೆಯ ಉಕ್ಕಿನ ಕಡ್ಡಿಗಳಲ್ಲಿ ಒಂದು ಕೂದಲೆಳೆಯಷ್ಟು ಸೊಟ್ಟಗಾದದ್ದನ್ನು ಬಿಟ್ಟರೆ ಬೇರೆ ಹಾನಿಯಿಲ್ಲ. ಜಗಲಿಯ ಹಿರಿಯರು ಹಾಕಿದ ಗಂಟುಗಳಲ್ಲಿ ಒಂದೂ ಹರಿದಿರಲಿಲ್ಲ. ಕಾರ್ಖಾನೆಯ ದಾರಗಳಲ್ಲಿ ಎರಡು ಹರಿದಿದ್ದವು.

ಚೆಮ್ನಾಡು ಕಳೆದು ಮೇಲ್ಪರಂಬದ ಕಡೆಯಿಂದ ಕೋಟೆಗೆ ಏರಬೇಕು. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕ ಕಟ್ಟಿಸಿದನೆನ್ನುವ ಈ ಕೋಟೆ ಬೇಕಲದಷ್ಟು ದೊಡ್ಡದಲ್ಲ, ಬೇಕಲಕ್ಕೆ ಬರುವಷ್ಟು ಜನರೂ ಇಲ್ಲಿಗೆ ಬರುವುದಿಲ್ಲ. ಆ ಬೆಳಿಗ್ಗೆ ನಾನೊಬ್ಬನೇ. ಕೆಂಪುಕಲ್ಲಿನ ಮೆಟ್ಟಿಲುಗಳ ಮೇಲೆ ಪಾಚಿ ಕಟ್ಟಿ, ಕಾಲಿಟ್ಟರೆ ಸೋಪಿನ ಮೇಲೆ ಇಟ್ಟಂತಾಗುತ್ತಿತ್ತು. ಮಳೆ ತುಸು ಬಿಟ್ಟಿದ್ದರಿಂದ ಕೊಡೆ ಮಡಚಿ ಊರುಗೋಲು ಮಾಡಿಕೊಂಡೆ. ಕೆಂಪುಕಲ್ಲಿನ ಮೈ ತುಂಬ ಜೇನುಗೂಡಿನಂತೆ ತೂತುಗಳು. ಕೋಲಿನ ತುದಿಯ ಲೋಹದ ಮೊನೆ ಪಾಚಿಯನ್ನು ಸೀಳಿಕೊಂಡು ಆ ತೂತುಗಳಲ್ಲಿ ಕಚ್ಚಿ ನಿಲ್ಲುತ್ತಿತ್ತು. ಕಾಲುಕೊಡೆ ಎಂಬ ಹೆಸರು ಮೂರನೆಯ ಕಾಲು ಎಂಬ ಅರ್ಥದಲ್ಲೇ ಹುಟ್ಟಿರಬೇಕೆಂದು ಆಗ ಅನ್ನಿಸಿತು. ಮೇಲಿನ ಗೋಡೆಯ ಅಂಚಿನಲ್ಲಿ ನಿಂತರೆ ಹೊಳೆ, ಅದರ ಮೇಲಿನ ರೈಲು ಸೇತುವೆ, ತೆಂಗಿನ ತಲೆಗಳಾಚೆ ಅಳಿವೆ, ಅದರಾಚೆ ಕಡಲೋ ಮೋಡವೋ ತಿಳಿಯದ ಒಂದು ಬೂದಿ ಗೆರೆ. ಗಾಳಿಯಲ್ಲಿ ಕೊಡೆ ಬಿಚ್ಚುವ ಧೈರ್ಯ ಮಾಡಲಿಲ್ಲ. ಅಲ್ಲೇ ನೆನೆಯುತ್ತ ಇಪ್ಪತ್ತು ನಿಮಿಷ ನಿಂತೆ.

ಬಳಸಿ ಈಗ ಮೂರು ತಿಂಗಳಾಯಿತು. ಕಡಲತೀರಕ್ಕೆ ಒಯ್ದ ದಿನ ಸಿಹಿನೀರಿನಲ್ಲಿ ತೊಳೆದು, ಅರ್ಧ ಬಿಚ್ಚಿ ನೆರಳಿನಲ್ಲಿ ಒಣಗಿಸಬೇಕೆಂದು ಹೇಳಿದ್ದರು. ವಸತಿಗೃಹದ ಸ್ನಾನದ ಮನೆಯಲ್ಲಿ ಅವಸರದಲ್ಲಿ ತೊಳೆದದ್ದು ಸಾಲದೆ ಗುಂಡಿಯ ಒಳಗಿನ ಸ್ಪ್ರಿಂಗಿಗೆ ತುಕ್ಕು ಹತ್ತಿದೆ, ಈಗ ಎರಡು ಸಲ ಒತ್ತಿದರೆ ಒಂದು ಸಲ ಅರಳುತ್ತದೆ. ಒಂದು ಹನಿ ಹೊಲಿಗೆಯಂತ್ರದ ಎಣ್ಣೆ ಬಿಟ್ಟ ಮೇಲೆ ಸ್ವಲ್ಪ ವಾಸಿ. ಪ್ಲಾಸ್ಟಿಕ್ಕಿನ ಹಿಡಿ ಒದ್ದೆ ಕೈಗೆ ಜಾರುತ್ತದೆ. ಮರದ ಹಿಡಿಯದ್ದು ಸಿಗುವುದಾದರೆ ನೂರಿನ್ನೂರು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಬೈಕಿನವರಿಗೆ, ದಿನವೂ ಬಸ್ಸಿನ ನೂಕುನುಗ್ಗಲಿನಲ್ಲಿ ಓಡಾಡುವವರಿಗೆ, ವಿಮಾನದಲ್ಲಿ ಕೈಚೀಲದೊಡನೆ ಬರುವವರಿಗೆ ಇದು ಬೇಡ. ಮಳೆಗಾಲದಲ್ಲಿ ಕರಾವಳಿಯ ಊರಿಗೆ ಕೆಲಸದ ಮೇಲೆ ಹೋಗಿ, ಕೆಲಸದ ಹೊತ್ತಿನ ಆಚೆಗೆ ನಡೆಯುವ ಮನಸ್ಸಿರುವವರು ಮನೆಯಿಂದ ಮಡಿಕೆಯ ಛತ್ರಿಯನ್ನು ಒಯ್ಯುವ ಬದಲು ಅಲ್ಲಿಗೆ ಹೋಗಿ ಇಂಥದೊಂದನ್ನು ಕೊಳ್ಳುವುದು ಮೇಲು, ಕೊಂಡದ್ದಕ್ಕೆ ಹೊಲಿಗೆ ಹಾಕಿಸಿಯೇ ಬಳಸುವುದು ಇನ್ನೂ ಮೇಲು. ಹೆಸರನ್ನೂ ಬರೆಸಿ.

ಕೋಟೆಯಿಂದ ಹಿಂದಿರುಗುವಾಗ ಹೊತ್ತು ಮೀರಿದ್ದರಿಂದ ಮೇಲ್ಪರಂಬದಲ್ಲಿ ಬಸ್ಸು ಹತ್ತಿದ್ದೆ. ಹಳೆಯ ಬಸ್ ನಿಲ್ದಾಣದಲ್ಲಿ ಇಳಿದು ಇಪ್ಪತ್ತು ಹೆಜ್ಜೆ ನಡೆದಿರಬೇಕು. ಮಳೆ ನಿಂತಿತ್ತು, ಅದಕ್ಕೇ ಕೈ ಖಾಲಿಯೆಂಬುದು ಅರಿವಿಗೆ ಬರಲಿಲ್ಲ. ಹಿಂದಿನಿಂದ ಯಾರೋ "ದಾವಣಗೆರೆ! ಓ ದಾವಣಗೆರೆ!" ಎಂದು ಕೂಗಿದರು. ನಮ್ಮೂರಿನ ಬಸ್ಸು ಇಲ್ಲಿಗೂ ಬರುತ್ತದೆಯೇ ಎಂದು ತಿರುಗಿ ನೋಡಿದರೆ, ನಿರ್ವಾಹಕರು ಬಾಗಿಲಲ್ಲಿ ಜೋತುನಿಂತು, ಅಂಚಿನ ಅಕ್ಷರ ಕಾಣುವಂತೆ ನನ್ನ ಕೊಡೆಯನ್ನು ಎತ್ತಿ ಹಿಡಿದಿದ್ದರು. ಅದನ್ನು ಇಸಿದುಕೊಂಡು ರೈಲು ಹತ್ತಿ, ಮೇಲಿನ ಸಾಮಾನಿನ ಕಂಬಿಗೆ ತೂಗುಹಾಕಿ ಕುಳಿತೆ. ಕುಂಬಳೆ ಬರುವ ಹೊತ್ತಿಗೆ ಕೆಳಗೆ ಕುಳಿತಿದ್ದವರ ಸುದ್ದಿಪತ್ರಿಕೆಯ ಮೇಲೆ ಅದರ ಮೊನೆಯಿಂದ ಕಪ್ಪು ನೀರಿನ ಮೂರು ಹನಿ ಬಿದ್ದಿದ್ದವು.